ಯಾವ ದುಂಡಾಣುವಿಗೆ ಯಾವ ಗುಳಿಗೆ?

“ಸ್ವಲ್ಪ ಪವರ್ ಇರೋ ಗುಳಿಗೆ ಕೊಡ್ರಿ.” ನಮ್ಮ ಕಡೆಯ ಯಾವುದೇ ಔಷಧಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಕೇಳುವವರು ತಿಳಿಗೇಡಿಗಳಲ್ಲ. ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕಿನ ಸನವಳ್ಳಿಯಂಥ ಊರಿನಿಂದ ಬಂದವರಿಗೆ ನಾಟಿಯ ಹೊತ್ತಿನಲ್ಲಿ ಮೂರು ದಿನ ಮಲಗಿದರೆ ಮೂರು ದಿನದ ಕೂಲಿ ಹೋಗುತ್ತದೆ, ಗದ್ದೆಯ ಹದ ತಪ್ಪುತ್ತದೆ. ಬೇಗ ಗುಣವಾಗಬೇಕು, ಅದಕ್ಕೆ ಜೋರಾದ ಔಷಧಿ ಬೇಕು ಎಂಬುದು ಅವರ ಲೆಕ್ಕ. ಮೂರು ಎಚ್‌ಪಿ ಪಂಪಿಗಿಂತ ಐದು ಎಚ್‌ಪಿ ಪಂಪು ಹೆಚ್ಚು ನೀರೆತ್ತುತ್ತದೆ, ಹಾಗೆಯೇ ಗುಳಿಗೆಯಲ್ಲೂ ದೊಡ್ಡದು ಚಿಕ್ಕದು ಇರಬೇಕಲ್ಲ?

ಇಲ್ಲ. ಆ್ಯಂಟಿಬಯಾಟಿಕ್‌ಗಳಿಗೆ ಎಚ್‌ಪಿ ಇಲ್ಲ. ‘ಯಾವುದು ಪ್ರಬಲ?’ ಎಂಬ ಪ್ರಶ್ನೆಗೆ ಪ್ರಯೋಗಾಲಯ ಉತ್ತರ ಕೊಡಲಾರದು. ‘ಯಾವ ದುಂಡಾಣುವಿನ (ಬ್ಯಾಕ್ಟೀರಿಯಾದ) ಮೇಲೆ?’ ಎಂದು ಕೇಳಿದರೆ ಮಾತ್ರ ಅದು ಬಾಯಿ ಬಿಡುತ್ತದೆ. ಈ ಎರಡು ಪ್ರಶ್ನೆಗಳ ನಡುವಿನ ಅಂತರ ನಮ್ಮ ಹಳ್ಳಿಗಳಿಗೆ ಇನ್ನೂ ತಲುಪಿಲ್ಲ. ತಲುಪಿಸುವ ಸಾಧನ, ಎಂದರೆ ರೋಗಿಯ ದುಂಡಾಣುವನ್ನು ಬೆಳೆಸಿ ಪರೀಕ್ಷಿಸುವ ಒಂದು ಸಣ್ಣ ಕಲ್ಚರ್ ಪ್ರಯೋಗಾಲಯ, ತಾಲ್ಲೂಕು ಮಟ್ಟದಲ್ಲಿ ಇರಲೇಬೇಕಾದ ಸಾರ್ವಜನಿಕ ಸೌಕರ್ಯ ಎಂಬುದು ಈ ಲೇಖನದ ವಾದ. ಕುಡಿಯುವ ನೀರಿನಷ್ಟೇ, ರಸ್ತೆಯಷ್ಟೇ ಅದೂ ಅಗತ್ಯ.

‘ಪವರ್’ ಎಂಬುದಿಲ್ಲ ಎಂಬ ಮಾತಿಗೆ ಸಾಕ್ಷಿ ಆ್ಯಂಟಿಬಯಾಟಿಕ್‌ನ ಚರಿತ್ರೆಯ ಮೊದಲ ಪುಟದಲ್ಲೇ ಇದೆ. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ತನ್ನ ತಟ್ಟೆಯೊಂದರಲ್ಲಿ ಬೂಷ್ಟಿನ ಸುತ್ತ ಸ್ಟೆಫಿಲೋಕಾಕಸ್ ದುಂಡಾಣುಗಳು ಕರಗಿದ್ದನ್ನು ಕಂಡ ಕತೆ ಎಲ್ಲರಿಗೂ ಗೊತ್ತು. ಆಮೇಲೆ ಅವನು ಮಾಡಿದ್ದು ಅಷ್ಟು ಪ್ರಸಿದ್ಧವಾಗಿಲ್ಲ. ಅಗಾರ್ ಎಂಬ ಗಟ್ಟಿ ಗಂಜಿ ಹೊಯ್ದ ತಟ್ಟೆಯ ನಡುವೆ ಕಾಲುವೆಯಂತೆ ಒಂದು ಗೆರೆ ತೋಡಿ, ಅದರಲ್ಲಿ ಬೂಷ್ಟಿನ ರಸ ಬೆರೆಸಿದ ಅಗಾರ್ ತುಂಬಿ, ಆ ಕಾಲುವೆಗೆ ಅಡ್ಡಲಾಗಿ ಬೇರೆ ಬೇರೆ ದುಂಡಾಣುಗಳನ್ನು ಸಾಲಾಗಿ ಬಳಿದ. ಮರುದಿನ ನೋಡಿದರೆ ಸ್ಟೆಫಿಲೋಕಾಕಸ್, ಸ್ಟ್ರೆಪ್ಟೋಕಾಕಸ್, ನ್ಯುಮೋಕಾಕಸ್, ಗಂಟಲಮಾರಿಯ ದುಂಡಾಣು ಇವೆಲ್ಲ ಕಾಲುವೆಯಿಂದ ದೂರವೇ ನಿಂತಿದ್ದವು. ಕರುಳಿನ ಇ. ಕೋಲಿ, ಟೈಫಾಯ್ಡ್ ದುಂಡಾಣು, ಆಗ ಬಿ. ಇನ್‌ಫ್ಲುಯೆಂಜೆ ಎಂದು ಕರೆಯುತ್ತಿದ್ದ ಜೀವಿ ಮಾತ್ರ ಕಾಲುವೆಯ ಅಂಚಿನವರೆಗೂ ಹಾಯಾಗಿ ಬೆಳೆದಿದ್ದವು. 1929ರಲ್ಲಿ ಅವನು ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯೇ ಈ ವ್ಯತ್ಯಾಸದ ಮೇಲೆ ನಿಂತಿದೆ. ಬೇರೆಲ್ಲವನ್ನೂ ಆ ಬೂಷ್ಟಿನ ರಸದಿಂದ, ಎಂದರೆ ಪೆನ್ಸಿಲಿನ್‌ನಿಂದ ತಡೆದು ಬಿ. ಇನ್‌ಫ್ಲುಯೆಂಜೆಯನ್ನು ಬೇರ್ಪಡಿಸಿಕೊಳ್ಳಬಹುದು ಎಂಬುದನ್ನು ಅವನು ಅಲ್ಲಿ ವಿಶೇಷವಾಗಿ ಎತ್ತಿ ಹೇಳಿದ್ದ. ಪೆನ್ಸಿಲಿನ್ ಲೋಕಕ್ಕೆ ಪರಿಚಯವಾದದ್ದು ಸರ್ವರೋಗಕ್ಕೆ ಮದ್ದಾಗಿ ಅಲ್ಲ, ಕೆಲವಕ್ಕೆ ನಾಟುವ, ಕೆಲವಕ್ಕೆ ನಾಟದ ವಸ್ತುವಾಗಿ.

ನಾಟದಿರಲು ಕಾರಣ ದುಂಡಾಣುವಿನ ಮೈಕಟ್ಟಿನಲ್ಲಿದೆ. 1884ರಲ್ಲಿ ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಸ್ಟಿಯನ್ ಗ್ರಾಮ್ ದುಂಡಾಣುಗಳಿಗೆ ನೇರಳೆ ಬಣ್ಣ ಹಾಕಿ ತೊಳೆದಾಗ ಕೆಲವು ಬಣ್ಣ ಉಳಿಸಿಕೊಂಡವು, ಕೆಲವು ಬಿಟ್ಟುಕೊಟ್ಟವು. ಬಣ್ಣ ಉಳಿಸಿಕೊಂಡವಕ್ಕೆ ದಪ್ಪ ಗೋಡೆ ಇದೆ, ಹೊರಬೇಲಿ ಇಲ್ಲ. ಬಣ್ಣ ಬಿಟ್ಟವಕ್ಕೆ ತೆಳು ಗೋಡೆ, ಆದರೆ ಅದರ ಹೊರಗೆ ಕೊಬ್ಬಿನ ಇನ್ನೊಂದು ಪೊರೆ, ಆ ಪೊರೆಯಲ್ಲಿ ಸಣ್ಣ ಸಣ್ಣ ಕಿಂಡಿಗಳು. ಕಿಂಡಿಯಲ್ಲಿ ತೂರುವ ಔಷಧಿ ಒಳಗೆ ಹೋಗುತ್ತದೆ, ತೂರದ್ದು ಹೊರಗೇ ಉಳಿಯುತ್ತದೆ. ಸ್ಟೆಫಿಲೋಕಾಕಸ್‌ನ ಗಂಭೀರ ಸೋಂಕಿನಲ್ಲಿ ಜೀವ ಉಳಿಸುವ ವ್ಯಾಂಕೋಮೈಸಿನ್ ಇ. ಕೋಲಿಯ ಮುಂದೆ ಏನೂ ಮಾಡಲಾಗದೆ ನಿಲ್ಲುವುದು ಇದರಿಂದ. ಅದರ ಅಣು ಆ ಕಿಂಡಿಗಿಂತ ದೊಡ್ಡದು. ಇದು ಹುಟ್ಟುಗುಣ. ಇದರ ಮೇಲೆ ದುಂಡಾಣುಗಳು ಗಳಿಸಿಕೊಳ್ಳುವ ವಿದ್ಯೆಗಳೂ ಇವೆ. ಕೆಲವು ಔಷಧಿಯನ್ನೇ ಕತ್ತರಿಸುವ ಕಿಣ್ವ ತಯಾರಿಸುತ್ತವೆ. ಕೆಲವು ಒಳಬಂದದ್ದನ್ನು ಪಂಪು ಹಚ್ಚಿ ಹೊರಗೆ ಚೆಲ್ಲುತ್ತವೆ. ಕೆಲವು ಔಷಧಿ ಕೂರಬೇಕಾದ ಜಾಗದ ಆಕಾರವನ್ನೇ ಬದಲಿಸಿಬಿಡುತ್ತವೆ, ಬೀಗ ಬದಲಿಸಿದ ಮನೆಗೆ ಹಳೆಯ ಕೀಲಿಕೈ ಹಿಡಿದು ಬಂದಂತೆ ಔಷಧಿ ಬಾಗಿಲಲ್ಲೇ ನಿಲ್ಲುತ್ತದೆ. ಪೆನ್ಸಿಲಿನ್ನನ್ನು ಒಡೆಯುವ ಕಿಣ್ವವನ್ನು ಅಬ್ರಹಾಂ ಮತ್ತು ಚೈನ್ 1940ರಲ್ಲೇ, ಆ ಔಷಧಿ ಆಸ್ಪತ್ರೆಗಳಿಗೆ ಬರುವ ಮೊದಲೇ, ಪತ್ತೆ ಮಾಡಿದ್ದರು.

ಹಾಗಾದರೆ ಒಬ್ಬ ರೋಗಿಯ ಮೈಯಲ್ಲಿರುವ ದುಂಡಾಣುವಿಗೆ ಯಾವುದು ನಾಟುತ್ತದೆಂದು ತಿಳಿಯುವುದು ಹೇಗೆ? ಅದೇ ದುಂಡಾಣುವನ್ನು ಬೆಳೆಸಿ, ಔಷಧಿಗಳನ್ನು ಅದರೆದುರು ಇಟ್ಟು ನೋಡಬೇಕು. ಈ ಪರೀಕ್ಷೆಯ ಇಂದಿನ ರೂಪಕ್ಕೆ ತಳಹದಿ ಹಾಕಿದ್ದು 1966ರಲ್ಲಿ ಅಮೆರಿಕದ ಸಿಯಾಟಲ್‌ನಿಂದ ಬಾವರ್, ಕರ್ಬಿ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ. ಮುಲ್ಲರ್–ಹಿಂಟನ್ ಅಗಾರ್ ಎಂಬ ಹುಲ್ಲುಬಣ್ಣದ ಗಟ್ಟಿ ಗಂಜಿಯನ್ನು ತಟ್ಟೆಯಲ್ಲಿ 4 ಮಿಲಿಮೀಟರ್ ದಪ್ಪಕ್ಕೆ ಹೊಯ್ಯುತ್ತಾರೆ. ರೋಗಿಯ ಮೂತ್ರದಿಂದಲೋ ಕೀವಿನಿಂದಲೋ ಬೆಳೆಸಿದ ದುಂಡಾಣುವನ್ನು ಗೊತ್ತಾದ ಹದಕ್ಕೆ ಕಲಕಿ, ಹತ್ತಿಯ ಕಡ್ಡಿಯಿಂದ ತಟ್ಟೆಯ ತುಂಬ ಸವರುತ್ತಾರೆ. ಅದರ ಮೇಲೆ ಬೇರೆ ಬೇರೆ ಆ್ಯಂಟಿಬಯಾಟಿಕ್ ಹೀರಿಕೊಂಡ, 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. 35 ಡಿಗ್ರಿ ಶಾಖದಲ್ಲಿ ಒಂದು ರಾತ್ರಿ ಕಳೆದರೆ ತಟ್ಟೆ ಮಬ್ಬಾಗುತ್ತದೆ. ಕೆಲವು ಬಿಲ್ಲೆಗಳ ಸುತ್ತ ಮಾತ್ರ ತಿಳಿಯಾದ ವೃತ್ತ ಉಳಿಯುತ್ತದೆ. ಆ ವೃತ್ತದ ಅಗಲವನ್ನು ಅಳತೆಪಟ್ಟಿಯಲ್ಲಿ ಅಳೆಯುತ್ತಾರೆ. ಕೋಟಿಗಟ್ಟಲೆಯ ಯಂತ್ರ ಇದಕ್ಕೆ ಬೇಕಿಲ್ಲ. ಬೇಕಾದದ್ದು ಶುಚಿ, ಶಿಸ್ತು, ತರಬೇತಾದ ಕೈ ಮತ್ತು ಕಣ್ಣು.

‘ಪವರ್’ ಎಂಬ ಕಲ್ಪನೆ ಮತ್ತೆ ನುಸುಳುವುದು ಇಲ್ಲಿಯೇ. ದೊಡ್ಡ ವೃತ್ತ ಬಿಟ್ಟ ಔಷಧಿಯೇ ಒಳ್ಳೆಯ ಔಷಧಿ ಎಂದು ಕಣ್ಣಿಗೆ ಅನ್ನಿಸುತ್ತದೆ. ಒಂದು ಉದಾಹರಣೆ ನೋಡಿ. ಇ. ಕೋಲಿಯ ತಟ್ಟೆಯಲ್ಲಿ ಆಂಪಿಸಿಲಿನ್ ಬಿಲ್ಲೆಯ ಸುತ್ತ 20 ಮಿಲಿಮೀಟರ್ ವೃತ್ತ, ಸಿಪ್ರೋಫ್ಲಾಕ್ಸಾಸಿನ್ ಬಿಲ್ಲೆಯ ಸುತ್ತಲೂ 20 ಮಿಲಿಮೀಟರ್ ವೃತ್ತ ಬಿದ್ದಿದೆ ಎನ್ನೋಣ. ಎರಡೂ ಸಮ ಎನಿಸುತ್ತದೆ. ಆದರೆ ಪ್ರಯೋಗಾಲಯಗಳು ಅನುಸರಿಸುವ ಅಮೆರಿಕದ ಮಾನದಂಡದ ಪ್ರಕಾರ ಆಂಪಿಸಿಲಿನ್‌ಗೆ 17 ಮಿಲಿಮೀಟರ್ ದಾಟಿದರೆ ಸಾಕು, ದುಂಡಾಣು ಮಣಿಯುತ್ತದೆ ಎಂದರ್ಥ. ಸಿಪ್ರೋಫ್ಲಾಕ್ಸಾಸಿನ್‌ಗೆ 26 ಬೇಕು. 21 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆ ದುಂಡಾಣು ಔಷಧಿಯನ್ನು ಮೀರಿ ನಿಂತಿದೆ ಎಂದರ್ಥ. ಒಂದೇ ಅಳತೆ, ಒಂದಕ್ಕೆ ಗೆಲುವು, ಇನ್ನೊಂದಕ್ಕೆ ಸೋಲು. ಪ್ರತಿ ಔಷಧಿಯೂ ಅಗಾರ್‌ನಲ್ಲಿ ತನ್ನದೇ ವೇಗದಲ್ಲಿ ಹರಡುತ್ತದೆ, ರಕ್ತದಲ್ಲಿ ತನ್ನದೇ ಮಟ್ಟ ಮುಟ್ಟುತ್ತದೆ. ಹಾಗಾಗಿ ಒಂದು ಔಷಧಿಯ ವೃತ್ತವನ್ನು ಇನ್ನೊಂದರ ವೃತ್ತದ ಪಕ್ಕ ಇಟ್ಟು ತೂಗುವಂತಿಲ್ಲ. ಪ್ರತಿಯೊಂದನ್ನೂ ಅದರದೇ ಗಡಿಗೆರೆಯೊಂದಿಗೆ ಹೋಲಿಸಬೇಕು. ಈ ಗಡಿಗೆರೆಯೂ ಕಲ್ಲಿನಲ್ಲಿ ಕೊರೆದದ್ದಲ್ಲ. ಸಿಪ್ರೋಫ್ಲಾಕ್ಸಾಸಿನ್‌ಗೆ 2019ರವರೆಗೆ 21 ಮಿಲಿಮೀಟರ್ ಸಾಕಿತ್ತು. ಆಮೇಲೆ ಅದನ್ನು ಏರಿಸಿದರು.

ಶಾಲಾ ಕಾಲೇಜುಗಳ ವಿಜ್ಞಾನ ಪ್ರದರ್ಶನಗಳಲ್ಲಿ ಬೇವಿನ ಎಲೆಯ ರಸವನ್ನೂ ತುಳಸಿಯನ್ನೂ ಆ್ಯಂಟಿಬಯಾಟಿಕ್ ಬಿಲ್ಲೆಯ ಪಕ್ಕ ಇಟ್ಟು ‘ಇದರ ವೃತ್ತವೇ ದೊಡ್ಡದು’ ಎಂದು ತೀರ್ಮಾನಿಸುವ ಪ್ರಯೋಗಗಳು ಸಾಮಾನ್ಯ. ಮಕ್ಕಳ ಕುತೂಹಲ ಮೆಚ್ಚತಕ್ಕದ್ದೇ. ಆದರೆ ಎಷ್ಟು ಪ್ರಮಾಣ, ಎಷ್ಟು ಸಾಂದ್ರತೆ, ಮೈಯೊಳಗೆ ಅಷ್ಟು ಮಟ್ಟ ಮುಟ್ಟಲು ಸಾಧ್ಯವೇ ಎಂಬುದನ್ನು ಕೇಳದೆ ಮಾಡುವ ಹೋಲಿಕೆ ಮಕ್ಕಳಿಗೆ ಕಲಿಸುವುದು ಅದೇ ‘ಪವರ್’ ಪಾಠವನ್ನು. ಗುರುಗಳು ಅಲ್ಲಿ ಒಂದು ಪ್ರಶ್ನೆ ಸೇರಿಸಿದರೆ ಸಾಕು: ಈ ವೃತ್ತ ಯಾವ ಗಡಿಗೆರೆ ದಾಟಿದೆ?

ತಟ್ಟೆಯ ಮಾತೇ ಕಡೆಯ ಮಾತೂ ಅಲ್ಲ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿಯನ್ನು ತಟ್ಟೆಯಲ್ಲಿ ಬೆಳೆಸಿ ಜೆಂಟಾಮೈಸಿನ್ ಬಿಲ್ಲೆ ಇಟ್ಟರೆ ಚೆಂದದ ವೃತ್ತ ಬೀಳುತ್ತದೆ. ಅದನ್ನು ನಂಬಿ ರೋಗಿಗೆ ಜೆಂಟಾಮೈಸಿನ್ ಕೊಟ್ಟರೆ ಜ್ವರ ಇಳಿಯುವುದಿಲ್ಲ. ಆ ದುಂಡಾಣು ಮೈಯಲ್ಲಿ ನಮ್ಮದೇ ಜೀವಕೋಶಗಳೊಳಗೆ ಅಡಗಿ ಕೂರುತ್ತದೆ, ಜೆಂಟಾಮೈಸಿನ್ ಅಲ್ಲಿಗೆ ಸರಿಯಾಗಿ ತಲುಪದು. ಟೈಫಾಯ್ಡಿಗೆ ಅದನ್ನು ವರದಿ ಮಾಡಬೇಡಿ ಎಂದು ಪ್ರಯೋಗಾಲಯದ ನಿಯಮಗಳೇ ಹೇಳುತ್ತವೆ. ನೈಟ್ರೋಫ್ಯುರಾಂಟೋಯಿನ್ ಮೂತ್ರಕೋಶದ ಸೋಂಕಿಗೆ ಒಳ್ಳೆಯ ಗುಳಿಗೆ. ಆ ಸೋಂಕು ತಂದ ಇ. ಕೋಲಿ ರಕ್ತಕ್ಕೆ ಇಳಿದರೆ ಆ ಗುಳಿಗೆ ಉಪಯೋಗಕ್ಕೆ ಬಾರದು, ಏಕೆಂದರೆ ಅದು ಸೇರುವುದು ಮೂತ್ರಕ್ಕೆ, ರಕ್ತದಲ್ಲಿ ಬೇಕಾದಷ್ಟು ನಿಲ್ಲುವುದಿಲ್ಲ. ಹಾಗಾಗಿ ಪ್ರಶ್ನೆ ಮೂರು ಕಾಲಿನ ಮೇಲೆ ನಿಂತಿದೆ: ಯಾವ ದುಂಡಾಣು, ಮೈಯ ಯಾವ ಭಾಗ, ಯಾವ ಔಷಧಿ. ಒಂದು ಕಾಲು ಮುರಿದರೂ ಉತ್ತರ ಬೀಳುತ್ತದೆ.

ಈಗ ಸನವಳ್ಳಿಗೆ ಮರಳೋಣ. ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅರೆಮಲೆನಾಡಿನ ಸೀಮೆ ಇದು. ಇಲ್ಲಿನ ಜಲಾಶಯದ ನೀರು ಮುಂಡಗೋಡ ಪಟ್ಟಣದ ಬಾಯಾರಿಕೆ ತಣಿಸುತ್ತದೆ. ಗದ್ದೆ, ಗೋವಿನಜೋಳ, ಶುಂಠಿ, ಕಾಡಿನ ಅಂಚು, ದನಕರು ಎಲ್ಲ ಒಟ್ಟಿಗೆ ಇರುವ ಇಂಥ ಊರಿನಲ್ಲಿ ಒಬ್ಬರಿಗೆ ಐದು ದಿನದಿಂದ ಜ್ವರ ಎನ್ನಿ. ಏನಿರಬಹುದು? ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಇರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ನಮ್ಮ ಜಿಲ್ಲೆಯ ಸಿದ್ದಾಪುರದ ಕಡೆ ಜೀವ ತೆಗೆದಿದೆ. ಅದು ವೈರಸ್, ಯಾವ ಆ್ಯಂಟಿಬಯಾಟಿಕ್ ಕೂಡ ಅದರ ಕೂದಲು ಕೊಂಕಿಸದು. ಗದ್ದೆಯ ಕೆಸರಿನಲ್ಲಿ ಇಲಿಯ ಮೂತ್ರದಿಂದ ಬರುವ ಇಲಿಜ್ವರ ಇರಬಹುದು. ಅದಕ್ಕೆ ಪೆನ್ಸಿಲಿನ್, ಡಾಕ್ಸಿಸೈಕ್ಲಿನ್, ಸೆಫ್ಟ್ರಿಯಾಕ್ಸೋನ್ ಎಲ್ಲವೂ ನಾಟುತ್ತವೆ. ಪೊದೆಗಳ ಸಣ್ಣ ನುಸಿಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಇರಬಹುದು. ಅದಕ್ಕೆ ದುಬಾರಿ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ವ್ಯರ್ಥ, ಅಗ್ಗದ ಡಾಕ್ಸಿಸೈಕ್ಲಿನ್ ಗುಳಿಗೆ ಸಂಜೀವಿನಿ. ಟೈಫಾಯ್ಡ್ ಇರಬಹುದು, ಅದಕ್ಕೆ ಸೆಫ್ಟ್ರಿಯಾಕ್ಸೋನ್ ಅಥವಾ ಅಜಿಥ್ರೋಮೈಸಿನ್ ಬೇಕು. ನಾಲ್ಕು ಜ್ವರ, ಮೊದಲ ದಿನಗಳಲ್ಲಿ ಒಂದೇ ಮುಖ, ನಾಲ್ಕು ಬೇರೆ ದಾರಿ. ಇಲ್ಲಿ ‘ಪವರ್ ಗುಳಿಗೆ’ ಯಾವುದು?

ಸಣ್ಣ ಊರುಗಳಲ್ಲಿ ಈ ಗೊಂದಲಕ್ಕೆ ಸಿಗುವ ಉತ್ತರ ಬಹುಮಟ್ಟಿಗೆ ಟೈಫಾಯ್ಡ್ ಪತ್ತೆಯ ವಿಡಾಲ್ ಪರೀಕ್ಷೆ. 1896ರಷ್ಟು ಹಳೆಯ ಪರೀಕ್ಷೆ ಅದು. ಟೈಫಾಯ್ಡ್ ಸಾಮಾನ್ಯವಾಗಿರುವ ಸೀಮೆಯಲ್ಲಿ ಎಂದೋ ಬಂದು ಹೋದ ಸೋಂಕಿಗೂ, ಬೇರೆ ಜ್ವರಕ್ಕೂ ಅದು ‘ಪಾಸಿಟಿವ್’ ಎನ್ನಬಹುದು. ನಿಜವಾಗಿ ಟೈಫಾಯ್ಡ್ ಇದ್ದರೂ ಯಾವ ಔಷಧಿ ನಾಟುತ್ತದೆಂದು ಅದು ಹೇಳುವುದೇ ಇಲ್ಲ. ಹೇಳುವುದು ರಕ್ತದ ಕಲ್ಚರ್ ಮಾತ್ರ. ಆದರೆ ಹೆಚ್ಚಿನವರು ಅಂಗಡಿಯ ಗುಳಿಗೆ ಎರಡು ದಿನ ನುಂಗಿ, ಇಳಿಯದಾಗ ಆಸ್ಪತ್ರೆಗೆ ಬರುತ್ತಾರೆ. ಅಷ್ಟರಲ್ಲಿ ರಕ್ತದಲ್ಲಿನ ದುಂಡಾಣು ಅರೆಜೀವವಾಗಿರುತ್ತದೆ. ತಟ್ಟೆಯಲ್ಲಿ ಹಲವು ಸಲ ಏನೂ ಬೆಳೆಯುವುದಿಲ್ಲ. ಸಾಕ್ಷಿಯನ್ನು ನಾವೇ ಅಳಿಸಿ, ಆಮೇಲೆ ಅಪರಾಧಿಯನ್ನು ಹುಡುಕುವಂತಾಗುತ್ತದೆ.

ಟೈಫಾಯ್ಡಿನ ಚರಿತ್ರೆಯಲ್ಲೇ ಈ ಇಡೀ ವಾದದ ಸಾರವಿದೆ. 1948ರಲ್ಲಿ ಕ್ಲೋರಾಂಫೆನಿಕಾಲ್ ಬಂದಾಗ ವಾರಗಟ್ಟಲೆ ಸುಡುತ್ತಿದ್ದ ಜ್ವರ ಕೆಲವೇ ದಿನಗಳಲ್ಲಿ ಇಳಿಯತೊಡಗಿತು. ಸುಮಾರು ಕಾಲು ಶತಮಾನ ಅದೇ ರಾಜ. 1972ರಲ್ಲಿ ನಮ್ಮ ನೆರೆಯ ಕಲ್ಲಿಕೋಟೆಯಲ್ಲಿ ಕ್ಲೋರಾಂಫೆನಿಕಾಲ್‌ಗೆ ಬಗ್ಗದ ಟೈಫಾಯ್ಡ್ ಹರಡಿತು. ಆ ಶಕ್ತಿ ಒಂದು ದುಂಡಾಣುವಿನಿಂದ ಇನ್ನೊಂದಕ್ಕೆ ದಾಟಬಲ್ಲದು ಎಂದು ಅಲ್ಲಿನ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಎಂಬತ್ತರ ದಶಕದ ಕೊನೆಗೆ ಕ್ಲೋರಾಂಫೆನಿಕಾಲ್, ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್ ಮೂರನ್ನೂ ಮೀರಿದ ತಳಿಗಳು ಬಂದವು. ಎಲ್ಲರೂ ಸಿಪ್ರೋಫ್ಲಾಕ್ಸಾಸಿನ್‌ಗೆ ಹೊರಳಿದರು, ಅದೂ ಸೋತಿತು. ಸೆಫ್ಟ್ರಿಯಾಕ್ಸೋನ್‌ಗೆ ಹೊರಳಿದರು, 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ ಅದನ್ನೂ ಮೀರಿದ ಟೈಫಾಯ್ಡ್ ಹರಡಿದೆ. ಈ ನಡುವೆ ಇನ್ನೊಂದು ಸಂಗತಿ ನಡೆಯಿತು. ಬಳಕೆ ನಿಂತ ಹಳೆಯ ಕ್ಲೋರಾಂಫೆನಿಕಾಲ್, ಕೋಟ್ರೈಮಾಕ್ಸಜೋಲ್‌ಗಳಿಗೆ ಭಾರತದ ಬಹಳಷ್ಟು ಟೈಫಾಯ್ಡ್ ತಳಿಗಳು ಮತ್ತೆ ಮಣಿಯತೊಡಗಿದವು. ಹೊಸದು ಬಲಶಾಲಿ, ಹಳೆಯದು ನಿಕೃಷ್ಟ ಎಂಬ ಏಣಿ ಇಲ್ಲಿ ಮುರಿದು ಬೀಳುತ್ತದೆ. ಯಾವುದು ಈಗ, ಇಲ್ಲಿ ನಾಟುತ್ತದೆ ಎಂಬುದನ್ನು ತಟ್ಟೆಯಲ್ಲಿ ನೋಡಿಯೇ ತಿಳಿಯಬೇಕು, ವರ್ಷವರ್ಷವೂ ನೋಡಬೇಕು.

ಈ ‘ಇಲ್ಲಿ’ ಎಂಬ ಪದ ನನಗೆ ಮುಖ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2013ರಿಂದ ಆ್ಯಂಟಿಬಯಾಟಿಕ್ ನಿರೋಧದ ಮಾಹಿತಿಯನ್ನು ಕಲೆಹಾಕಿ ವರ್ಷಕ್ಕೊಮ್ಮೆ ಪ್ರಕಟಿಸುತ್ತಿದೆ. ಅದು ದೊಡ್ಡ ಕೆಲಸ. ಆದರೆ ಆ ಅಂಕಿಗಳ ಬಹುಪಾಲು ಬರುವುದು ದೊಡ್ಡ ಆಸ್ಪತ್ರೆಗಳಿಂದ. ಹಲವು ಔಷಧಿ ಸೋತ ಮೇಲೆ ಬಂದು ಮಲಗಿದ, ತೀವ್ರ ನಿಗಾ ಘಟಕದ ರೋಗಿಗಳಿಂದ. ಅಲ್ಲಿನ ದುಂಡಾಣು ಹೆಚ್ಚು ಹಟಮಾರಿಯಾಗಿರುವುದು ಸಹಜ. ಸನವಳ್ಳಿಯ ಹೆಂಗಸೊಬ್ಬರಿಗೆ ಮೊದಲ ಸಲ ಬಂದ ಮೂತ್ರದ ಸೋಂಕಿನ ಇ. ಕೋಲಿ ಆ ಲೆಕ್ಕದಲ್ಲಿಲ್ಲ. ಅದು ಇನ್ನೂ ಸಾದಾ ಗುಳಿಗೆಗೆ ಮಣಿಯಬಹುದು. ಮಣಿಯುತ್ತದೆಂಬ ಲೆಕ್ಕ ಕೈಯಲ್ಲಿಲ್ಲದ ವೈದ್ಯರು ದೊಡ್ಡ ಆಸ್ಪತ್ರೆಯ ಅಂಕಿ ನೋಡಿ ಹೆದರಿ, ದೊಡ್ಡ ಔಷಧಿಗೇ ಕೈ ಹಾಕುತ್ತಾರೆ. ಆ ದೊಡ್ಡ ಔಷಧಿಯೇ ನಾಳೆ ಹಳ್ಳಿಯ ದುಂಡಾಣುವನ್ನೂ ಹಟಮಾರಿ ಮಾಡುತ್ತದೆ. ಲೆಕ್ಕವಿಲ್ಲದಿರುವುದೇ ರೋಗ ಬೆಳೆಯುವ ದಾರಿ.

ಈ ಮಾತು ಮನುಷ್ಯರೊಂದಿಗೆ ಮುಗಿಯುವುದಿಲ್ಲ. ನಮ್ಮ ರೈತರಿಗೆ ದುಂಡಾಣು ಎಂಬ ಪದ ಪರಿಚಯವಾದದ್ದೇ ಭತ್ತದ ದುಂಡಾಣು ಅಂಗಮಾರಿ ರೋಗದಿಂದ. ಅದಕ್ಕೆಂದು ಸಿಂಪಡಿಸುತ್ತ ಬಂದದ್ದು ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬೆರಕೆಯ ಪುಡಿ. ಒಂದು ಕಾಲಕ್ಕೆ ಕ್ಷಯರೋಗಿಯ ಜೀವ ಉಳಿಸಿದ ಸ್ಟ್ರೆಪ್ಟೋಮೈಸಿನ್ ಇದೇ. ಕೃಷಿಯಲ್ಲಿ ಇದನ್ನು ಹಂತಹಂತವಾಗಿ ನಿಲ್ಲಿಸಲು ಕೇಂದ್ರ ಕೃಷಿ ಸಚಿವಾಲಯ 2021ರಲ್ಲಿ ಹೆಜ್ಜೆ ಇಟ್ಟಿತು. ಹಟ್ಟಿಯ ಎಮ್ಮೆಗೆ ಕೆಚ್ಚಲು ಬಾವು ಬಂದರೆ ಅಲ್ಲೂ ಅದೇ ಪ್ರಶ್ನೆ ಏಳುತ್ತದೆ: ಅದು ಸ್ಟೆಫಿಲೋಕಾಕಸ್ಸೋ, ಇ. ಕೋಲಿಯೋ? ಎರಡಕ್ಕೂ ಒಂದೇ ಚುಚ್ಚುಮದ್ದು ಆಗದು. ಕೋಳಿ, ಮೀನು, ದನಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಭಾರತ 2019ರಲ್ಲಿ ನಿಷೇಧಿಸಿತು, ಏಕೆಂದರೆ ಬೇರೆಲ್ಲ ಸೋತಾಗ ಮನುಷ್ಯರಿಗೆ ಉಳಿಯುವ ಕೊನೆಯ ಔಷಧಿಗಳಲ್ಲಿ ಅದೊಂದು. ಗದ್ದೆಯ ನೀರು, ಹಟ್ಟಿಯ ಗೊಬ್ಬರ, ಮನೆಯ ಬಚ್ಚಲು ಒಂದೇ ಇಳಿಜಾರಿನಲ್ಲಿ ಹರಿಯುವ ಊರಿನಲ್ಲಿ ದುಂಡಾಣುಗಳಿಗೆ ಬೇಲಿ ಇಲ್ಲ.

ತಾಲ್ಲೂಕಿನಲ್ಲಿ ಇಂಥ ಪರೀಕ್ಷೆ ಸಾಧ್ಯವೇ ಎಂದು ಕೇಳುವವರಿಗೆ ನಾನು ಕ್ಷಯರೋಗವನ್ನು ತೋರಿಸುತ್ತೇನೆ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಸಿದ್ಧ ಪ್ರಯೋಗದಲ್ಲಿ ಸ್ಟ್ರೆಪ್ಟೋಮೈಸಿನ್ ಪಡೆದ 55 ರೋಗಿಗಳಲ್ಲಿ ಆರು ತಿಂಗಳಿಗೆ 4 ಮಂದಿ ಸತ್ತರು. ಬರೀ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14 ಮಂದಿ ಸತ್ತರು. ದೊಡ್ಡ ಜಯ. ಆದರೆ ಒಂಟಿ ಔಷಧಿ ಪಡೆದ ಅನೇಕರಲ್ಲಿ ಕೆಲವೇ ತಿಂಗಳಲ್ಲಿ ಆ ಔಷಧಿಗೆ ಬಗ್ಗದ ದುಂಡಾಣು ಕಾಣಿಸಿಕೊಂಡಿತು. ಕ್ಷಯಕ್ಕೆ ಎರಡು ಮೂರು ಔಷಧಿ ಸೇರಿಸಿ ಕೊಡುವ ಪದ್ಧತಿ ಅಲ್ಲಿಂದ ಬಂತು. ನಮ್ಮಲ್ಲಿ 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಈ ರೋಗವನ್ನು ಹಳ್ಳಿಯ ಸಾಮಾನ್ಯ ಆಸ್ಪತ್ರೆಯಲ್ಲೇ ಪತ್ತೆ ಮಾಡಬಹುದು, ಅಲ್ಲೇ ಗುಣಪಡಿಸಬಹುದು ಎಂಬ ದಾರಿಯನ್ನು ದೇಶಕ್ಕೆ ತೋರಿಸಿತು.

ಕ್ಷಯದ ದುಂಡಾಣುವಿನ ಔಷಧ ಪರೀಕ್ಷೆ ಎಲ್ಲಕ್ಕಿಂತ ಕಠಿಣ. ಇ. ಕೋಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಕ್ಷಯದ ದುಂಡಾಣು ಎರಡಾಗಲು 15ರಿಂದ 20 ಗಂಟೆ ಬೇಕು. ಬಿಲ್ಲೆಯ ತಟ್ಟೆ ಇದಕ್ಕೆ ನಡೆಯದು, ಕಲ್ಚರ್ ಕಣ್ಣಿಗೆ ಕಾಣಲು ವಾರಗಳೇ ಬೇಕು. ಆದರೂ ದೇಶ ಕೈ ಚೆಲ್ಲಲಿಲ್ಲ. ಕಫದಲ್ಲಿ ಕ್ಷಯದ ದುಂಡಾಣು ಇದೆಯೇ, ಅದು ಕ್ಷಯದ ಔಷಧಿ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬುದನ್ನು ಸುಮಾರು ಎರಡು ಗಂಟೆಯಲ್ಲಿ ಹೇಳುವ ಸಿಬಿನ್ಯಾಟ್ ಯಂತ್ರಗಳು ಬಂದವು. ನಮ್ಮ ಪಕ್ಕದ ಗೋವಾದ ಸಂಸ್ಥೆಯೊಂದು ಬ್ಯಾಟರಿಯಲ್ಲೂ ನಡೆಯುವ ಟ್ರೂನ್ಯಾಟ್ ಎಂಬ ಸಣ್ಣ ಯಂತ್ರ ರೂಪಿಸಿತು, ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಒಪ್ಪಿಗೆ ನೀಡಿತು. ಇಂದು ಸರ್ಕಾರಿ ಕ್ಷಯ ಕಾರ್ಯಕ್ರಮದ ನೀತಿ ಸ್ಪಷ್ಟವಾಗಿದೆ: ಪ್ರತಿ ಕ್ಷಯರೋಗಿಯ ದುಂಡಾಣುವನ್ನೂ ಔಷಧಿಯ ಎದುರು ಪರೀಕ್ಷಿಸಬೇಕು, ಪುಕ್ಕಟೆಯಾಗಿ. ಮುಂಡಗೋಡದ ಜನಕ್ಕೆ ಇದರ ಬೆಲೆ ಗೊತ್ತಿದೆ. 1966ರಿಂದ ಇಲ್ಲಿ ನೆಲೆ ನಿಂತ ಟಿಬೆಟನ್ ನಿರಾಶ್ರಿತ ಬಂಧುಗಳನ್ನು ಕ್ಷಯ ಬಹಳ ಕಾಡಿದೆ. ಮಠಗಳಲ್ಲಿ, ವಸತಿನಿಲಯಗಳಲ್ಲಿ ಒಟ್ಟಾಗಿ ಬಾಳುವವರ ನಡುವೆ ಔಷಧಿಗೆ ಬಗ್ಗದ ಕ್ಷಯ ಒಬ್ಬರಿಗೆ ಬಂದರೆ ಅದು ಎಲ್ಲರ ಆತಂಕ. ಆ ಆತಂಕಕ್ಕೆ ಉತ್ತರ ಸಿಕ್ಕಿದ್ದು ಮೊದಲು ಪರೀಕ್ಷೆ, ಆಮೇಲೆ ತಕ್ಕ ಔಷಧಿ ಎಂಬ ಕ್ರಮದಲ್ಲಿ.

ಎಲ್ಲಕ್ಕಿಂತ ಕಠಿಣವಾದದ್ದು ಸಾಧ್ಯವಾದ ಮೇಲೆ, ಒಂದು ರಾತ್ರಿಯಲ್ಲಿ ಬೆಳೆಯುವ ಮೂತ್ರದ ಇ. ಕೋಲಿಗೆ, ಕೀವಿನ ಸ್ಟೆಫಿಲೋಕಾಕಸ್‌ಗೆ ಏಕೆ ಸಾಧ್ಯವಿಲ್ಲ?

ಆಕ್ಷೇಪಗಳಿವೆ, ಅವು ಹಗುರವಲ್ಲ. ಮೊದಲನೆಯದು ಸಮಯ. ಕಲ್ಚರ್ ವರದಿಗೆ ಎರಡು ಮೂರು ದಿನ ಬೇಕು. ರಕ್ತಕ್ಕೆ ನಂಜೇರಿದ ರೋಗಿ ಅಷ್ಟು ಹೊತ್ತು ಕಾಯಲಾರ. ನಿಜ. ಅಂಥವರಿಗೆ ತಡ ಮಾಡದೆ ಆ್ಯಂಟಿಬಯಾಟಿಕ್ ಆರಂಭಿಸಲೇಬೇಕು. ಆದರೆ ಮೊದಲ ಚುಚ್ಚುಮದ್ದಿಗೆ ಮುಂಚೆ ರಕ್ತದ ಮಾದರಿ ತೆಗೆದುಕೊಳ್ಳಲು ಬೇಕಾಗುವುದು ಕೆಲವೇ ನಿಮಿಷ. ಮೂರನೆಯ ದಿನ ವರದಿ ಬಂದಾಗ ಹಲವು ದುಂಡಾಣುಗಳಿಗೆ ನಾಟುವ ಅಗಲಬಾಣದಿಂದ ಈ ದುಂಡಾಣುವಿಗೇ ನಾಟುವ ನೇರಬಾಣಕ್ಕೆ ಇಳಿಯಬಹುದು. ತಾಲ್ಲೂಕಿನ ವರ್ಷದ ಲೆಕ್ಕ ಕೈಯಲ್ಲಿದ್ದರೆ ಮೊದಲ ದಿನದ ಊಹೆಯೂ ಕುರುಡಾಗಿರುವುದಿಲ್ಲ.

ಎರಡನೆಯದು ಹಣ ಮತ್ತು ಕೈಗಳು. ಸೂಕ್ಷ್ಮಜೀವಿ ತಜ್ಞರು ಎಲ್ಲ ತಾಲ್ಲೂಕಿಗೂ ಸಿಗುವುದಿಲ್ಲ ಎಂಬುದು ಸರಿ. ಆದರೆ ಎಲ್ಲವೂ ಇಲ್ಲೇ ಆಗಬೇಕಿಲ್ಲ. ರಕ್ತದ ಕಲ್ಚರ್ ಬಾಟಲಿ, ತಂಪಾಗಿಟ್ಟ ಮೂತ್ರದ ಮಾದರಿ ಮುಂಡಗೋಡದಿಂದ ಸುಮಾರು ಒಂದೂವರೆ ಗಂಟೆಯ ದಾರಿಯ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ದಿನವೂ ಹೋಗಿ ಬರಬಹುದು. ಕಫದ ಡಬ್ಬಿಗಳು ಹೋಗುವ ದಾರಿ ಈಗಾಗಲೇ ಇದೆ, ಅದೇ ದಾರಿಯಲ್ಲಿ ಮೂತ್ರದ ಡಬ್ಬಿಯೂ ಹೋಗಲಿ. ಮಾದರಿ ಸರಿಯಾಗಿ ತೆಗೆಯುವ ಒಬ್ಬ ದಾದಿ, ಒಬ್ಬ ತಂತ್ರಜ್ಞ, ಒಂದು ಫ್ರಿಜ್, ಹೋಗಿ ಬರುವ ಒಂದು ವಾಹನ, ವರದಿ ಮರಳಿ ಮುಟ್ಟುವ ಒಂದು ಫೋನ್. ಆರಂಭಕ್ಕೆ ಇಷ್ಟು ಸಾಕು. ತಾಲ್ಲೂಕಿನ ಸ್ವಂತ ತಟ್ಟೆ ಎರಡನೆಯ ಹೆಜ್ಜೆಯಾಗಲಿ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆ ಒಕ್ಕೊರಲಿನಿಂದ ಕೇಳಿತು. ಆ ಬೇಡಿಕೆ ನ್ಯಾಯವಾದದ್ದು. ಅದರ ಜೊತೆಗೇ ಈ ಸಣ್ಣ ಬೇಡಿಕೆಯೂ ಸೇರಬೇಕು. ದೊಡ್ಡ ಆಸ್ಪತ್ರೆಯ ಶಸ್ತ್ರಚಿಕಿತ್ಸೆ, ಬಾಣಂತನ, ಕ್ಯಾನ್ಸರ್ ಚಿಕಿತ್ಸೆ ಎಲ್ಲವೂ ನಿಂತಿರುವುದು ಆ್ಯಂಟಿಬಯಾಟಿಕ್ ನಾಟುತ್ತದೆ ಎಂಬ ನಂಬಿಕೆಯ ಮೇಲೆ.

ಮೂರನೆಯ ಆಕ್ಷೇಪ, ‘ಎಲ್ಲ ಜ್ವರಕ್ಕೂ ಕಲ್ಚರ್ ಮಾಡಿಸುವುದೇ?’ ಬೇಡ. ನೆಗಡಿಗೆ, ಹೆಚ್ಚಿನ ಗಂಟಲು ಕೆರೆತಕ್ಕೆ, ನೀರುಭೇದಿಗೆ ಪರೀಕ್ಷೆಯೂ ಬೇಡ, ಆ್ಯಂಟಿಬಯಾಟಿಕ್ಕೂ ಬೇಡ. ಭೇದಿಗೆ ಓಆರ್‌ಎಸ್ ನೀರೇ ಮದ್ದು. ಪರೀಕ್ಷೆ ಬೇಕಾದದ್ದು ಆ್ಯಂಟಿಬಯಾಟಿಕ್ ನಿಜವಾಗಿ ಬೇಕೆನಿಸುವ ಕಡೆ. ಅಲ್ಲಿ ಮಾತ್ರ ಊಹೆಯ ಬದಲು ಉತ್ತರ ಬೇಕು.

ಕಾನೂನು ಇಲ್ಲವೆಂದಲ್ಲ. 2014ರಿಂದ ಜಾರಿಯಲ್ಲಿರುವ ಎಚ್–1 ಪಟ್ಟಿಯ ಪ್ರಕಾರ ಮುಖ್ಯ ಆ್ಯಂಟಿಬಯಾಟಿಕ್‌ಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಆದರೆ ಬೇಡ ಎನ್ನುವ ಕಾನೂನು ಒಂದೇ ಸಾಲದು. ಬೇಕಾದದ್ದು ಯಾವುದೆಂದು ಹೇಳುವ ವ್ಯವಸ್ಥೆಯನ್ನೂ ಕೊಡದೆ ರೋಗಿಯನ್ನು, ವೈದ್ಯರನ್ನು, ಅಂಗಡಿಯವರನ್ನು ದೂರುವುದು ನ್ಯಾಯವಲ್ಲ. 2019ರ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ದುಂಡಾಣುಗಳಿಂದ ಲೋಕದಲ್ಲಿ ಸುಮಾರು 12.7 ಲಕ್ಷ ಜನ ನೇರವಾಗಿ ಸತ್ತರೆಂದು ‘ಲ್ಯಾನ್ಸೆಟ್’ ಪತ್ರಿಕೆಯ ಅಂದಾಜು. ಅವರಲ್ಲಿ ಎಷ್ಟು ಮಂದಿ ನಮ್ಮ ತಾಲ್ಲೂಕಿನವರು ಎಂದು ಹೇಳಲು ನಮ್ಮ ಬಳಿ ಒಂದು ತಟ್ಟೆಯೂ ಇರಲಿಲ್ಲ ಎಂಬುದೇ ನನ್ನ ದುಃಖ.

ಆದ್ದರಿಂದ ಎರಡು ಮಾತು. ಆಳುವವರಿಗೆ: ಕ್ಷಯಕ್ಕೆ ಮಾಡಿದ್ದನ್ನು ಉಳಿದ ಸೋಂಕುಗಳಿಗೂ ಮಾಡಿ, ಪ್ರತಿ ತಾಲ್ಲೂಕು ಆಸ್ಪತ್ರೆಯಿಂದ ಮಾದರಿ ಹೋಗಿ ವರದಿ ಬರಲಿ, ವರ್ಷಕ್ಕೊಮ್ಮೆ ‘ನಮ್ಮಲ್ಲಿ ಯಾವುದು ನಾಟುತ್ತಿದೆ’ ಎಂಬ ಒಂದು ಪುಟದ ಪಟ್ಟಿ ಕನ್ನಡದಲ್ಲಿ ಗೋಡೆಗೆ ಬೀಳಲಿ. ಓದುಗರಿಗೆ: ಮುಂದಿನ ಸಲ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ ಪವರ್ ಗುಳಿಗೆ ಕೇಳಬೇಡಿ. ವೈದ್ಯರ ಎದುರು ಕೂತು, ‘ಇದು ದುಂಡಾಣುವೇ, ಆಗಿದ್ದರೆ ಯಾವುದು, ಗುಳಿಗೆಗೆ ಮೊದಲು ಕಲ್ಚರ್ ಕೊಡಬೇಕೇ?’ ಎಂದು ಕೇಳಿ.